ಹಾಳೆಯಿಂದ ರೇಸ್ ಕಾರು: ಚಪ್ಪಟೆ ಕಾಗದ ದುಂಡಗಾಗೋದು ಹೇಗೆ?

ಬೇಸಿಗೆ ರಜೆಯ ಒಂದು ಸಂಜೆ ಪಕ್ಕದ ಮನೆಯ ಹುಡುಗ ನಮ್ಮ ಕಟ್ಟೆಯ ಮೇಲೆ ಬಂದು ಕೂತ. ಎಂಟನೇ ಕ್ಲಾಸು ಮುಗಿಸಿದ್ದಾನೆ. ಒಂದು ಕೈಯಲ್ಲಿ ಬೆರಳಗಲದ ಕಪ್ಪು ಕಾಗದದ ಪಟ್ಟಿ, ಇನ್ನೊಂದರಲ್ಲಿ ದುಂಡಗೆ ಕತ್ತರಿಸಿದ ರಟ್ಟು. "ಕಾಕಾ, ಟೈರ್ ಕೂಡವಲ್ದು ನೋಡ್ರಿ. ಎಷ್ಟ್ ಜಗ್ಗಿದ್ರೂ ನಡುವ ಸಂದಿ ಉಳೀತೈತಿ" ಅಂದ. ಪಟ್ಟಿಯನ್ನು ರಟ್ಟಿನ ಸುತ್ತ ಸುತ್ತಿ ತೋರಿಸಿದ. ಎರಡು ತುದಿಗಳ ನಡುವೆ ಸುಮಾರು ಮೂರು ಮಿಲಿಮೀಟರ್ ಜಾಗ ಹಾಗೇ ಉಳಿದಿತ್ತು.

ಅವನು ಕಟ್ಟುತ್ತಿದ್ದದ್ದು ಕಾಗದದ ಫಾರ್ಮುಲಾ ಒನ್ ಕಾರು. ನೆಟ್‌ನಲ್ಲಿ ಸಿಕ್ಕ ಮಾದರಿಯನ್ನು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದ್ದ. ರಟ್ಟಿನ ಚಕ್ರವನ್ನು ಮಾತ್ರ ಹೇಳಿದ ಅಳತೆಗೆ ಕಂಪಾಸಿನಿಂದ ತಾನೇ ಬರೆದುಕೊಂಡಿದ್ದ. ಹಾಗಾದರೆ ತಪ್ಪು ಎಲ್ಲಿ? ಆ ಮೂರು ಮಿಲಿಮೀಟರ್‌ನ ಕತೆ ಕೆಳಗೆ ಬರುತ್ತದೆ. ಅಂದಿನಿಂದ ನಮ್ಮ ಓಣಿಯ ಇನ್ನೂ ನಾಲ್ಕೈದು ಮನೆಗಳಿಂದ ಇಂಥದ್ದೇ ಪ್ರಶ್ನೆ ಬಂದಿದೆ. ಮಕ್ಕಳು ಮೊಬೈಲಿನಲ್ಲಿ ರೇಸ್ ನೋಡುತ್ತಾರೆ. ಲೋಹದ ಒಳ್ಳೆಯ ಮಾದರಿ ಕಾರು ಕೊಳ್ಳಬೇಕೆಂದರೆ ಜಾಸ್ತಿ ದುಡ್ಡು ಬೇಕು. ಕಾಗದದ್ದು ಹಾಗಲ್ಲ. ಆದರೆ ಕೈ ಹಾಕಿದ ಮೇಲೆ ಎಲ್ಲಿ ಯಾಕೆ ಕೆಡುತ್ತದೆ ಅಂತ ಹೇಳಿಕೊಡುವವರು ಮನೆಯಲ್ಲಿ ಇರುವುದಿಲ್ಲ. ಹಾಗಾಗಿ ಬುಡದಿಂದ ಹೇಳುತ್ತೇನೆ.

ಇದು ಒರಿಗಾಮಿ ಅಲ್ಲ

ಒರಿಗಾಮಿಯಲ್ಲಿ ಒಂದೇ ಹಾಳೆಯನ್ನು ಮಡಚುತ್ತಾ ಹೋಗುತ್ತೇವೆ. ಸಾಮಾನ್ಯವಾಗಿ ಕತ್ತರಿಯೂ ಇಲ್ಲ, ಅಂಟೂ ಇಲ್ಲ. ಪೇಪರ್ ಮಾಡೆಲ್ ಬೇರೆ. ಇಲ್ಲಿ ಕಾರಿನ ಒಂದೊಂದು ಭಾಗವನ್ನೂ ಬಿಚ್ಚಿ ಹಾಸಿದರೆ ಹೇಗೆ ಕಾಣುತ್ತದೋ ಹಾಗೆ ಹಾಳೆಯ ಮೇಲೆ ಬಣ್ಣದ ಸಮೇತ ಅಚ್ಚು ಹಾಕಿರುತ್ತಾರೆ. ಅದನ್ನು ಕತ್ತರಿಸಿ, ಮಡಚಿ, ಬಾಗಿಸಿ, ಅಂಟಿಸಬೇಕು. ಹೀಗೆ ಬಿಚ್ಚಿ ಹಾಸಿದ ನಕ್ಷೆಗೆ ಟೆಂಪ್ಲೇಟ್ ಅನ್ನುತ್ತಾರೆ. ದರ್ಜಿಯವರ ಕಟಿಂಗ್ ಇದ್ದ ಹಾಗೆ. ತೋಳು, ಬೆನ್ನು, ಕೊರಳಪಟ್ಟಿ ಮೊದಲು ಬೇರೆ ಬೇರೆ ಚಪ್ಪಟೆ ತುಂಡುಗಳು, ಹೊಲಿದ ಮೇಲೆ ಅಂಗಿ.

ಪೋಲೆಂಡ್‌ನಲ್ಲಿ 1957ರಿಂದ ಇಂಥ ಮಾದರಿಗಳಿಗೆಂದೇ ಒಂದು ಪತ್ರಿಕೆ ಬರುತ್ತಿದೆ. ಜೆಕ್ ಮಕ್ಕಳ ಪತ್ರಿಕೆಗಳಲ್ಲೂ ಕತ್ತರಿಸಿ ಕಟ್ಟುವ ಕಾರುಗಳ ಹಾಳೆ ಬಹಳ ವರ್ಷಗಳಿಂದ ಬರುತ್ತಿದೆ. ಈಗ ಕಂಪ್ಯೂಟರಿನಲ್ಲಿ ಬರೆದ ಕಾರನ್ನು ತಾನೇ ಬಿಚ್ಚಿ ಹಾಸಿಕೊಡುವ ತಂತ್ರಾಂಶಗಳೂ ಇವೆ. ಜಪಾನಿನ ಪೆಪಾಕುರ ಅಂಥದ್ದೊಂದು.

1:24 ಅಂದರೆ ಏನು?

ಮನೆ ಕಟ್ಟಿಸುವಾಗ ಇಂಜಿನಿಯರ್ ಕೊಡುವ ಪ್ಲಾನ್ ನೋಡಿದ್ದೀರಿ ಅಲ್ವಾ? ಮೂವತ್ತು ಅಡಿಯ ಸೈಟು ಒಂದು ಹಾಳೆಯಲ್ಲಿ ಕೂತಿರುತ್ತದೆ. ಸ್ಕೇಲ್ ಅಂದರೆ ಅದೇ. 1:24 ಅಂದರೆ ನಿಜವಾದ ಕಾರಿನ 24 ಸೆಂಟಿಮೀಟರ್ ನಮ್ಮ ಮಾದರಿಯಲ್ಲಿ 1 ಸೆಂಟಿಮೀಟರ್. ಅಡಿ ಲೆಕ್ಕದವರಿಗೆ ಇನ್ನೂ ಸಲೀಸು: ಒಂದು ಅಡಿಗೆ ಅರ್ಧ ಇಂಚು. 4 ಮೀಟರ್ 80 ಸೆಂಟಿಮೀಟರ್ ಉದ್ದದ ಕಾರು ಸರಿಯಾಗಿ 20 ಸೆಂಟಿಮೀಟರ್ ಆಗುತ್ತದೆ.

ಟೈರಿನ ಲೆಕ್ಕ ನೋಡೋಣ. 2022ರಿಂದ 2025ರವರೆಗಿನ ಫಾರ್ಮುಲಾ ಒನ್ ಟೈರ್‌ನ ವ್ಯಾಸ 720 ಮಿಲಿಮೀಟರ್. 24ರಿಂದ ಭಾಗಿಸಿದರೆ 30. ಮುಂದಿನ ಟೈರಿನ ಅಗಲ 305, ಅದು 12.7 ಆಗುತ್ತದೆ. ಹಿಂದಿನದು 405, ಅದು 17ಕ್ಕೆ ಹತ್ತಿರ. 30 ಮಿಲಿಮೀಟರ್ ವ್ಯಾಸದ ಚಕ್ರವನ್ನು ಸುತ್ತಬೇಕಾದರೆ ಪಟ್ಟಿಯ ಉದ್ದ 30 ಗುಣಿಲೆ 3.14, ಅಂದರೆ ಸುಮಾರು 94 ಮಿಲಿಮೀಟರ್. ಹುಡುಗನ ಪಟ್ಟಿಯನ್ನು ಅಳೆದೆ. 91 ಇತ್ತು.

ಸ್ಕೇಲ್ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ನಾವು ಬಳಸುವ ಗಟ್ಟಿ ಹಾಳೆಯ ದಪ್ಪ ಸುಮಾರು 0.2 ಮಿಲಿಮೀಟರ್. ಅದನ್ನು 24 ಪಟ್ಟು ಹಿಗ್ಗಿಸಿದರೆ ಹತ್ತಿರ ಹತ್ತಿರ ಅರ್ಧ ಸೆಂಟಿಮೀಟರ್! ನಿಜವಾದ ಕಾರಿನಲ್ಲಿ ಅದಕ್ಕಿಂತ ತೆಳುವಾಗಿರುವ ಯಾವುದನ್ನೂ ನಾವು ಬರೋಬ್ಬರಿ ಅಳತೆಗೆ ತರಲಾರೆವು. ಸಣ್ಣ ಬೋಲ್ಟು, ತಗಡಿನ ಸಂದು ಇವನ್ನು ಕಟ್ಟುವ ಬದಲು ಗೆರೆಯಾಗಿ ಅಚ್ಚು ಹಾಕಿರುವುದು ಅದಕ್ಕೇ. ಅಂಟಿಸುವಾಗ ಕೈ ಒಂದು ಮಿಲಿಮೀಟರ್ ಜಾರಿದರೆ, ನಿಜವಾದ ಕಾರಿನಲ್ಲಿ ಚಕ್ರ 2.4 ಸೆಂಟಿಮೀಟರ್ ಸರಿದ ಹಾಗೆ. ಕಣ್ಣಿಗೆ ಅದು ತಕ್ಷಣ ಹೊಡೆಯುತ್ತದೆ.

ಝೆರಾಕ್ಸ್ ಅಂಗಡಿಯಲ್ಲಿ ಕಳೆದುಹೋದ ಮೂರು ಮಿಲಿಮೀಟರ್

ಪ್ರಿಂಟ್ ಕೊಡುವಾಗ ಕಂಪ್ಯೂಟರ್ "ಫಿಟ್ ಟು ಪೇಜ್" ಅಂತ ಒಂದು ಆಯ್ಕೆಯನ್ನು ತಾನೇ ಹಿಡಿದುಕೊಂಡಿರುತ್ತದೆ. ಅಂಚು ಕತ್ತರಿಸಿ ಹೋಗದಿರಲಿ ಅಂತ ಚಿತ್ರವನ್ನು ಒಂದಿಷ್ಟು ಕುಗ್ಗಿಸುತ್ತದೆ. 100ರ ಬದಲು 97 ಪರ್ಸೆಂಟ್ ಆಯಿತು ಅನ್ನಿ. ಮದುವೆ ಬಯೋಡಾಟಾಕ್ಕೆ ಅದು ಲೆಕ್ಕಕ್ಕಿಲ್ಲ. ಟೈರಿಗೆ ಲೆಕ್ಕವಿದೆ: 94ರಲ್ಲಿ 3 ಪರ್ಸೆಂಟ್ ಹೋದರೆ 91. ಹುಡುಗನ ಸಂದಿ ಇದೇ.

ಎಲ್ಲ ಹಾಳೆಗಳೂ ಒಂದೇ ಸಮ ಕುಗ್ಗಿದ್ದರೆ ಕಾರು ಚೂರು ಚಿಕ್ಕದಾಗುತ್ತಿತ್ತು, ಅಷ್ಟೇ. ತೊಂದರೆ ಆಗುವುದು ಕೆಲವು ಭಾಗ ಕುಗ್ಗಿ, ಕೆಲವು ಕುಗ್ಗದೆ ಇದ್ದಾಗ. ಒಂದು ಹಾಳೆ ಕೆಟ್ಟು ಅದನ್ನಷ್ಟೇ ಬೇರೆ ಅಂಗಡಿಯಲ್ಲಿ ಮತ್ತೆ ಹಾಕಿಸಿದರೂ ಇದೇ ಗತಿ. ಹಾಗಾಗಿ "ಆಕ್ಚುವಲ್ ಸೈಜ್ ಇಡ್ರಿ, ನೂರು ಪರ್ಸೆಂಟ್" ಅಂತ ಬಾಯಿಬಿಟ್ಟು ಹೇಳಿ. ಒಳ್ಳೆಯ ಟೆಂಪ್ಲೇಟುಗಳಲ್ಲಿ ಮೂಲೆಯಲ್ಲೊಂದು ಅಳತೆಯ ಗೆರೆ ಇರುತ್ತದೆ. ಅಂಗಡಿಯಲ್ಲೇ ಅದರ ಮೇಲೆ ಅಳತೆಪಟ್ಟಿ ಇಟ್ಟು ನೋಡಿ, ಆಮೇಲೆ ಉಳಿದ ಹಾಳೆ ಹಾಕಿಸಿ.

ಲೇಸರ್ ಪ್ರಿಂಟರಿನ ಬಣ್ಣ ಪುಡಿಯಾಗಿ ಕಾಗದದ ಮೇಲೆ ಕೂರುತ್ತದೆ, ನೀರಿಗೆ ಹೆದರುವುದಿಲ್ಲ, ಆದರೆ ಮಡಚಿದ ಕಡೆ ಬಿರಿದು ಬಿಳಿ ಗೆರೆ ಕಾಣಿಸುತ್ತದೆ. ಇಂಕ್‌ಜೆಟ್ ಮಸಿ ಕಾಗದದೊಳಗೆ ಇಳಿಯುತ್ತದೆ. ಮಡಿಕೆಯಲ್ಲಿ ಬಿರಿಯುವುದಿಲ್ಲ, ಆದರೆ ಬೆವರಿದ ಬೆರಳು ತಾಗಿದರೆ ಕದಡುವುದುಂಟು. ಏಪ್ರಿಲ್, ಮೇ ತಿಂಗಳ ಹುಬ್ಬಳ್ಳಿಯಲ್ಲಿ ಬೆವರದ ಬೆರಳು ಎಲ್ಲಿದೆ? ಇಂಕ್‌ಜೆಟ್ ಆದರೆ ಒಂದು ರಾತ್ರಿ ಒಣಗಲು ಬಿಟ್ಟು ಮರುದಿನ ಕತ್ತರಿ ಹಿಡಿಯಿರಿ.

ಕಾಗದಕ್ಕೂ ಒಂದು ದಿಕ್ಕು ಇದೆ

ಅಂಗಡಿಯಲ್ಲಿ ಜಿಎಸ್‌ಎಂ ಅನ್ನುವ ಮಾತು ಕೇಳುತ್ತೀರಿ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ ಅದು. ಒಂದು ಚದರ ಮೀಟರಿನಲ್ಲಿ 16 ಎ4 ಹಾಳೆ ಬರುತ್ತವೆ. ಹಾಗಾಗಿ 80 ಜಿಎಸ್‌ಎಂನ ಸಾದಾ ಹಾಳೆ 5 ಗ್ರಾಂ, 160ರದ್ದು 10 ಗ್ರಾಂ. ಕಾರಿನ ಮೈಗೆ 160ರಿಂದ 200 ಸರಿಹೋಗುತ್ತದೆ. ತೀರ ಸಣ್ಣ ಭಾಗಗಳಿಗೆ, ಬೆರಳಿಗಿಂತ ತೆಳ್ಳಗೆ ಸುತ್ತುವ ಕೊಳವೆಗಳಿಗೆ, 80ರ ಹಾಳೆಯೇ ಒಳ್ಳೆಯದು. ಲಗ್ನಪತ್ರಿಕೆಯ ದಪ್ಪ ಹಾಳೆ ಬೇಡ. ನೋಡಲು ಖಡಕ್ ಇರುತ್ತದೆ, ಬಾಗಿಸಿದರೆ ಮುರಿಯುತ್ತದೆ.

ಇನ್ನೊಂದು ಗುಣ ಕಣ್ಣಿಗೆ ಕಾಣುವುದಿಲ್ಲ. ಪೇಪರ್ ಓದಿ ಮುಗಿದ ಮೇಲೆ ಹರಿದು ನೋಡಿ. ಒಂದು ಕಡೆಯಿಂದ ಹರಿದರೆ ಗೆರೆ ಎಳೆದ ಹಾಗೆ ಸೀದಾ ಹರಿಯುತ್ತದೆ. ಇನ್ನೊಂದು ಕಡೆಯಿಂದ ಹರಿದರೆ ಸೊಟ್ಟಂಬಟ್ಟ. ಗಿರಣಿಯಲ್ಲಿ ಕಾಗದ ತಯಾರಾಗುವಾಗ ಒಳಗಿನ ನಾರುಗಳು ಯಂತ್ರ ಓಡುವ ದಿಕ್ಕಿಗೆ ಸಾಲಾಗಿ ಮಲಗುತ್ತವೆ. ನಾರು ಮಲಗಿದ ದಿಕ್ಕಿಗೆ ಹಾಳೆ ಸೀದಾ ಹರಿಯುತ್ತದೆ. ಸುರುಳಿ ಸುತ್ತುವಾಗಲೂ ಅಷ್ಟೇ: ನಾರುಗಳು ಸುರುಳಿಯ ಉದ್ದಕ್ಕೆ ಮಲಗಿದ್ದರೆ ಕಾಗದ ಮೆತ್ತಗೆ ಬಾಗುತ್ತದೆ. ಅಡ್ಡ ಇದ್ದರೆ ಸಣ್ಣ ಸಣ್ಣ ಮುರಿತಗಳಾಗಿ ಟೈರು ಮೂಲೆ ಮೂಲೆಯಾಗುತ್ತದೆ. ಚಾಪೆಯನ್ನು ಒಂದು ಕಡೆಯಿಂದ ಸುತ್ತಿದರೆ ಸಲೀಸು, ಇನ್ನೊಂದು ಕಡೆಯಿಂದ ಸುತ್ತಿದರೆ ಕಡ್ಡಿ ಮುರಿಯುತ್ತವೆ ಅಲ್ವಾ, ಅದೇ ಇದು.

ರೊಟ್ಟಿ ಯಾಕೆ ಬಿರಿಯುತ್ತದೆ?

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಇದು ತಿಳಿದರೆ ಯಾವ ಟೆಂಪ್ಲೇಟನ್ನೂ ಓದಬಹುದು.

ಬಿಸಿ ಜೋಳದ ರೊಟ್ಟಿಯನ್ನು ಸುತ್ತಿ ಸುರುಳಿ ಮಾಡಬಹುದು. ಅದೇ ರೊಟ್ಟಿಯನ್ನು ಬೋರಲು ಹಾಕಿದ ಬೋಗುಣಿಯ ಮೇಲೆ ಹಾಸಿ ಒತ್ತಿ ನೋಡಿ. ಅಂಚುಗಳು ನೆರಿಗೆಯಾಗುತ್ತವೆ, ಇಲ್ಲವೇ ಬಿರಿಯುತ್ತವೆ. ಸುರುಳಿ ಬಾಗುವುದು ಒಂದೇ ದಿಕ್ಕಿಗೆ. ಬೋಗುಣಿಯ ಬೆನ್ನು ಒಂದೇ ಸಲ ಎರಡು ದಿಕ್ಕಿಗೆ ಬಾಗಿದೆ. ಹಿಗ್ಗದ, ಕುಗ್ಗದ ಚಪ್ಪಟೆ ವಸ್ತು ಎರಡು ದಿಕ್ಕಿಗೆ ಹೀಗೆ ಬಾಗಲಾರದು. ಇದನ್ನು 1827ರಲ್ಲಿ ಜರ್ಮನಿಯ ಗಣಿತಜ್ಞ ಗೌಸ್ ಸಾಧಿಸಿ ತೋರಿಸಿದ. ಜಗತ್ತಿನ ನಕ್ಷೆಯನ್ನು ತಪ್ಪಿಲ್ಲದೆ ಚಪ್ಪಟೆ ಹಾಳೆಯಲ್ಲಿ ಬರೆಯಲಾಗದ್ದೂ ಇದೇ ಕಾರಣಕ್ಕೆ.

ಹಾಗಾದರೆ ಕಾಗದದಿಂದ ಆಗುವ ಆಕಾರಗಳು ಮುಖ್ಯವಾಗಿ ಮೂರು ಬಗೆ: ಚಪ್ಪಟೆ, ಕೊಳವೆಯಂಥದ್ದು, ಶೇಂಗಾ ಪೊಟ್ಟಣದಂಥ ಶಂಕು, ಮತ್ತೆ ಇವುಗಳ ಜೋಡಣೆ. ರೇಸ್ ಕಾರಿನ ಮೂತಿಯೋ, ಡ್ರೈವರನ ಹೆಲ್ಮೆಟ್ಟೋ ಎರಡೂ ದಿಕ್ಕಿಗೆ ಬಾಗಿರುತ್ತವೆ. ಏನು ಮಾಡೋದು? ನಮ್ಮ ಕಡೆ ಖಣದ ಕುಪ್ಪಸ ಹೊಲಿಯುವವರನ್ನು ಕೇಳಿ. ಗುಳೇದಗುಡ್ಡದ ಖಣ ಚಪ್ಪಟೆ ಬಟ್ಟೆ, ಆದರೆ ಮೈಗೆ ಕೂರಬೇಕು. ಅವರು ಬಟ್ಟೆಯನ್ನು ತುಂಡು ತುಂಡಾಗಿ ಬೆಣೆಯಂತೆ ಕತ್ತರಿಸಿ ಕೂಡಿಸುತ್ತಾರೆ. ಹೊಲಿಗೆ ಬಂದ ಕಡೆ ಬಟ್ಟೆ ತಿರುಗುತ್ತದೆ. ಕಾಗದದಲ್ಲೂ ಅದೇ ಉಪಾಯ. ಹೆಲ್ಮೆಟ್ಟಿನ ಟೆಂಪ್ಲೇಟ್ ನೋಡಿದರೆ ಕಿತ್ತಳೆ ಸಿಪ್ಪೆಯನ್ನು ಎಸಳು ಎಸಳಾಗಿ ಬಿಡಿಸಿ ಹಾಸಿದ ಹಾಗೆ ಇರುತ್ತದೆ. ಒಂದೊಂದು ಎಸಳೂ ಒಂದೇ ದಿಕ್ಕಿಗೆ ಬಾಗುತ್ತದೆ. ಎಲ್ಲ ಸೇರಿದಾಗ ದುಂಡಗೆ ಕಾಣುತ್ತದೆ. ಎಸಳು ಹೆಚ್ಚಿದಷ್ಟೂ ದುಂಡು ಜಾಸ್ತಿ, ಕೆಲಸವೂ ಜಾಸ್ತಿ.

ಈ ಮಾತು ನಿಜವಾದ ಕಾರಿನ ಇತಿಹಾಸಕ್ಕೂ ಹತ್ತಿರ. 1962ರ ಲೋಟಸ್ 25 ರೇಸ್ ಕಾರಿನ ಒಡಲನ್ನು ಅಲ್ಯುಮಿನಿಯಂ ತಗಡು ಬಾಗಿಸಿ, ರಿವೆಟ್ ಹೊಡೆದು ಮಾಡಿದ್ದರು. ತಗಡು ಬಾಗಿದರೆ ಗಟ್ಟಿಯಾಗುತ್ತದೆ. ಚಾವಣಿಗೆ ಹಾಕುವ ಪತ್ರಾಸ್ ಅಲೆ ಅಲೆಯಾಗಿರುವುದು ಸುಮ್ನೆ ಅಲ್ಲ. ನೀವೇ ನೋಡಿ: ಎ4 ಹಾಳೆಯನ್ನು ಒಂದು ತುದಿಯಲ್ಲಿ ಹಿಡಿದರೆ ಜೋತು ಬೀಳುತ್ತದೆ. ಉದ್ದಕ್ಕೆ ಚೂರು ದೋಣಿಯ ಹಾಗೆ ಬಾಗಿಸಿ ಹಿಡಿದರೆ ನೆಟ್ಟಗೆ ನಿಲ್ಲುತ್ತದೆ. ಆಮೇಲೆ 1981ರಲ್ಲಿ ಮೆಕ್‌ಲಾರೆನ್ ಎಂಪಿ4/1 ಬಂತು. ಫಾರ್ಮುಲಾ ಒನ್‌ನಲ್ಲಿ ಪೂರ್ತಿ ಕಾರ್ಬನ್ ಫೈಬರ್ ಒಡಲಿನ ಮೊದಲ ಕಾರು ಅದು, ರೂಪಿಸಿದವರು ಜಾನ್ ಬರ್ನಾರ್ಡ್. ಕಾರ್ಬನ್ ಫೈಬರ್ ಕೂಡ ಹಾಸುಬಟ್ಟೆಯ ರೂಪದಲ್ಲೇ ಬರುತ್ತದೆ. ಅದನ್ನೂ ಅಳತೆಗೆ ಕತ್ತರಿಸಿ, ಅಚ್ಚಿನೊಳಗೆ ಪದರ ಪದರವಾಗಿ ಹಾಸಿ, ಬಿಸಿ ಮತ್ತು ಒತ್ತಡದಲ್ಲಿ ಬೇಯಿಸುತ್ತಾರೆ. ಬಟ್ಟೆಯ ಎಳೆಗಳು ಒಂದಿಷ್ಟು ಸರಿದು ಅಚ್ಚಿನ ಉಬ್ಬಿಗೆ ಹೊಂದಿಕೊಳ್ಳುತ್ತವೆ. ಕಾಗದದ ನಾರುಗಳು ಹಾಗೆ ಸರಿಯುವುದಿಲ್ಲ.

ಇದರಿಂದ ಒಂದು ಬುದ್ಧಿಮಾತು ಹುಟ್ಟುತ್ತದೆ. ಮೊದಲ ಸಲ ಕಟ್ಟುವವರು ಈಚಿನ ಕಾರಿಗೆ ಕೈ ಹಾಕಬೇಡಿ. ಅದರ ಮೈಯೆಲ್ಲ ಉಬ್ಬು ತಗ್ಗು. 1970ರಲ್ಲಿ ಓಡಿದ ಲೋಟಸ್ 72ರ ಮೂತಿ ಬಾಗಿಲಿಗೆ ಇಡುವ ಬೆಣೆಯ ಹಾಗಿದೆ. ಚಪ್ಪಟೆ ಮುಖಗಳು, ನೇರ ಮಡಿಕೆಗಳು, ಪೆಟ್ಟಿಗೆಯಂಥ ಪಕ್ಕಗಳು. ಆ ವರ್ಷ ಡ್ರೈವರ್ ಯೋಕೆನ್ ರಿಂಟ್ ಆ ಕಾರಿನಲ್ಲಿ ಗೆಲುವುಗಳನ್ನು ಕಂಡು, ಇಟಲಿಯ ಮೊಂಜಾದಲ್ಲಿ ಅಭ್ಯಾಸದ ವೇಳೆ ತೀರಿಕೊಂಡ. ಚಾಂಪಿಯನ್ ಪಟ್ಟ ಅವನಿಗೆ ಮರಣದ ನಂತರ ಬಂತು. ಮಕ್ಕಳಿಗೆ ಕಾರು ಕಟ್ಟಿಸುವಾಗ ಈ ಕತೆಯನ್ನೂ ಹೇಳಿ, ಕೈ ಕೆಲಸ ನಿಧಾನವಾಗುತ್ತದೆ. ಆರು ಚಕ್ರದ ಟಿರೆಲ್ ಪಿ34 ಕೂಡ ಮಕ್ಕಳಿಗೆ ಬಹಳ ಇಷ್ಟ. ಅದು 1976ರ ಸ್ವೀಡನ್ ರೇಸ್ ಗೆದ್ದಿತ್ತು. ಆದರೆ ಟೈರು ನಾಲ್ಕರ ಬದಲು ಆರು ಮಾಡಬೇಕು, ನೆನಪಿರಲಿ.

ಒಂದು ಟೈರು, ಹತ್ತಿರದಿಂದ

ಟೈರಿಗೆ ಮೂರು ಭಾಗ. ನೆಲಕ್ಕೆ ತಾಗುವ ಪಟ್ಟಿ ಕೊಳವೆ. ಪಕ್ಕದ ಗೋಡೆ ನಡುವೆ ತೂತಿರುವ ಚಪ್ಪಟೆ ಚಕ್ರ. ಇವೆರಡರ ನಡುವಿನ ದುಂಡು ಭುಜ ಎರಡು ದಿಕ್ಕಿಗೆ ಬಾಗಿದ್ದು, ಅದನ್ನು ಕಿರಿದಾದ ಶಂಕುವಿನ ಪಟ್ಟಿಯಿಂದ ತೋರಿಸುತ್ತಾರೆ. ಹಾಳೆಯಲ್ಲಿ ಆ ಪಟ್ಟಿ ಒಡೆದ ಬಳೆಯ ಚೂರಿನ ಹಾಗೆ ಕಾಣುತ್ತದೆ. ಶಂಕುವನ್ನು ಬಿಚ್ಚಿ ಹಾಸಿದರೆ ಅದು ಹಾಗೇ.

ಮೊದಲು ಪಟ್ಟಿಯನ್ನು ಬಾಗಿಸಿ, ಆಮೇಲೆ ಅಂಟು. ಅಂಗೈ ಮೇಲೆ ಪಟ್ಟಿಯನ್ನು ಬೋರಲು ಇಟ್ಟು, ದುಂಡನೆಯ ಪೆನ್ನನ್ನು ಅದರ ಮೇಲೆ ಮೆಲ್ಲಗೆ ಒತ್ತುತ್ತಾ ಉರುಳಿಸಿ. ಹತ್ತು ಸಲ ಉರುಳಿಸಿದರೆ ಪಟ್ಟಿ ತಾನೇ ಸುರುಳಿಯಾಗಿ ನಿಲ್ಲುತ್ತದೆ. ಬಾಗಿಸದೆ ಅಂಟಿಸಿದರೆ ಜೋಡಣೆಯ ಹತ್ತಿರ ಎರಡು ತುದಿಯೂ ಸೆಟೆದು, ಟೈರಿಗೆ ನೀರಿನ ಹನಿಯ ಚೂಪು ಬರುತ್ತದೆ. ನಮ್ಮ ಹುಡುಗನ ಎರಡನೇ ಟೈರು ಹೀಗೇ ಆಗಿತ್ತು.

ಗಟ್ಟಿಯಾಗಲಿ ಅಂತ ಎರಡು ಮೂರು ಸುತ್ತು ಸುತ್ತುವುದಾದರೆ ಪ್ರತಿ ಸುತ್ತಿಗೂ ಉದ್ದ ಬೆಳೆಯುತ್ತದೆ. ಒಂದು ಪದರ 0.2 ಮಿಲಿಮೀಟರ್ ದಪ್ಪ ಇದ್ದರೆ ಎರಡೂ ಪಕ್ಕ ಸೇರಿ ವ್ಯಾಸ 0.4 ಹೆಚ್ಚಿತು. 3.14ರಿಂದ ಗುಣಿಸಿದರೆ ಒಂದೂಕಾಲು ಮಿಲಿಮೀಟರ್. ಮೇಲಿನ ಪಟ್ಟಿ ಅಷ್ಟು ಉದ್ದ ಇರಬೇಕು. ತಲೆಗೆ ರುಮಾಲು ಸುತ್ತುವಾಗ ಹೊರಗಿನ ಸುತ್ತಿಗೆ ಬಟ್ಟೆ ಜಾಸ್ತಿ ಬೇಕಾಗುತ್ತದಲ್ಲ, ಹಾಗೆ. ಜೋಡಣೆಯ ಗೆರೆಗಳು ಒಂದರ ಮೇಲೊಂದು ಬರದಂತೆ ಸರಿಸಿ ಅಂಟಿಸಿ. ಕೊನೆಯಲ್ಲಿ ಟೈರನ್ನು ನಿಲ್ಲಿಸುವಾಗ ಜೋಡಣೆ ನೆಲದ ಕಡೆ ಬರಲಿ.

ಪೇಡೆ ಡಬ್ಬಿಯ ಎಲುಬು

ಇಪ್ಪತ್ತು ಸೆಂಟಿಮೀಟರಿನ ಟೊಳ್ಳು ಕಾಗದದ ಪೆಟ್ಟಿಗೆ ಕೈಯಲ್ಲಿ ಹಿಡಿದರೆ ತಿರುಚಿಕೊಳ್ಳುತ್ತದೆ. ಒಳಗೆ ಎಲುಬು ಬೇಕು. ಕಾರಿನ ಉದ್ದಕ್ಕೆ ಒಂದು ರಟ್ಟು, ಅದಕ್ಕೆ ಅಡ್ಡಲಾಗಿ ಐದಾರು ರಟ್ಟು. ಸೀಳು ಹಾಕಿ ಒಂದರೊಳಗೊಂದು ಕೂರಿಸಿದರೆ ಗಟ್ಟಿ ಚೌಕಟ್ಟಾಗುತ್ತದೆ. ಧಾರವಾಡ ಪೇಡೆಯ ಡಬ್ಬಿಯ ರಟ್ಟು ಇದಕ್ಕೆ ಒಳ್ಳೆಯದು. ತೆಳು ಅನ್ನಿಸಿದರೆ ಎರಡು ಪದರ ಅಂಟಿಸಿ, ಮೇಲೆ ದಪ್ಪ ಪುಸ್ತಕಗಳನ್ನು ಹೇರಿ ರಾತ್ರಿಯಿಡೀ ಬಿಡಿ. ಸೀಳಿನ ಅಗಲ ರಟ್ಟಿನ ದಪ್ಪಕ್ಕೆ ಸಮ ಇರಬೇಕು. ಬಿಗಿ ಆದರೆ ರಟ್ಟು ಬಾಗುತ್ತದೆ, ಸಡಿಲ ಆದರೆ ಎಲುಬು ವಾಲುತ್ತದೆ. ಅಂಟು ಹಚ್ಚುವ ಮೊದಲು ಒಮ್ಮೆ ಒಣದಾಗಿ ಕೂಡಿಸಿ ನೋಡಿ. ಇದು ಪ್ರತಿ ಭಾಗಕ್ಕೂ ಅನ್ವಯ.

ಮಡಿಕೆ, ಅಂಟು, ಬಿಳಿ ಅಂಚು

ದಪ್ಪ ಹಾಳೆಯನ್ನು ಸುಮ್ನೆ ಮಡಚಿದರೆ ಹೊರಗಿನ ನಾರು ಹರಿದು ಅಂಚು ಸೊಟ್ಟಗಾಗುತ್ತದೆ. ಮಸಿ ಮುಗಿದ ಬಾಲ್ ಪೆನ್ನನ್ನು ಸ್ಟೀಲ್ ಪಟ್ಟಿಗೆ ಆನಿಸಿ ಗೆರೆ ಎಳೆಯಿರಿ. ಕಾಗದದಲ್ಲಿ ಸಣ್ಣ ಕಾಲುವೆ ಬೀಳುತ್ತದೆ, ಮಡಿಕೆ ಅದರಲ್ಲೇ ಬರುತ್ತದೆ. ಟೆಂಪ್ಲೇಟಿನಲ್ಲಿ ಎರಡು ಬಗೆಯ ಮಡಿಕೆ ಗೆರೆ ಇರುತ್ತವೆ: ಬೆಟ್ಟದಂತೆ ಮೇಲೆ ಏಳುವುದು, ಕಣಿವೆಯಂತೆ ಒಳಗೆ ಇಳಿಯುವುದು. ಯಾವ ಗೆರೆ ಯಾವುದಕ್ಕೆ ಅನ್ನುವುದು ಮಾಡಿದವರ ಮೇಲೆ ಹೋಗುತ್ತದೆ. ಮೊದಲ ಪುಟ ನೋಡಿಕೊಳ್ಳಿ.

ಫೆವಿಕಾಲ್ ಸಾಕು, ಆದರೆ ಅದರಲ್ಲಿ ನೀರಿದೆ. ನೀರು ಕುಡಿದ ನಾರು ದಪ್ಪಗಾಗುತ್ತದೆ, ಕಾಗದ ಅಲೆ ಅಲೆಯಾಗುತ್ತದೆ. ಸಾಸಿವೆಯಷ್ಟು ಅಂಟನ್ನು ಹಲ್ಲುಕಡ್ಡಿಯ ತುದಿಯಲ್ಲಿ ತೆಗೆದು, ಅಂಟು ಹಚ್ಚಲೆಂದೇ ಭಾಗದ ಅಂಚಿಗೆ ಬಿಟ್ಟಿರುವ ಪಟ್ಟಿಯ ಮೇಲೆ ತೆಳ್ಳಗೆ ಬಳಿದು, ಅರ್ಧ ನಿಮಿಷ ಬಿಟ್ಟು ಒತ್ತಿ. ಕತ್ತರಿಸಲು ಕಟರ್ ಬೇಕು, ಬ್ಲೇಡಿನ ತುದಿ ಹೊಸದಿರಬೇಕು. ಮೊಂಡು ಬ್ಲೇಡಿಗೆ ಜಾಸ್ತಿ ಬಲ ಹಾಕುತ್ತೇವೆ, ಬೆರಳು ಕೊಯ್ದುಕೊಳ್ಳುವುದು ಆಗಲೇ. ಚಿಕ್ಕ ಮಕ್ಕಳಿಗೆ ಕಟರ್ ಕೊಡಬೇಡಿ, ಆ ಕೆಲಸ ದೊಡ್ಡವರೇ ಮಾಡಿ.

ಕತ್ತರಿಸಿದ ಮೇಲೆ ಹಾಳೆಯ ಅಂಚು ಬಿಳಿಯಾಗಿ ಕಾಣುತ್ತದೆ. ಕಪ್ಪು ಕಾರಿನ ಮೇಲೆ ಬಿಳಿ ದಾರ ಹಾಸಿದ ಹಾಗೆ. ಅಂಟಿಸುವ ಮೊದಲೇ ಅದೇ ಬಣ್ಣದ ಸ್ಕೆಚ್ ಪೆನ್ನನ್ನು ಅಂಚಿಗೆ ಅಡ್ಡ ಹಿಡಿದು ಎಳೆಯಿರಿ. ಹತ್ತು ನಿಮಿಷದ ಈ ಕೆಲಸದಷ್ಟು ಕಾರಿನ ರೂಪ ಬದಲಿಸುವುದು ಇನ್ನೊಂದಿಲ್ಲ.

ರೆಕ್ಕೆ ಮತ್ತು ಚಕ್ರದ ತೋಳು

ರೇಸ್ ಕಾರಿನ ರೆಕ್ಕೆ ವಿಮಾನದ ರೆಕ್ಕೆಯನ್ನು ಬೋರಲು ಹಾಕಿದ್ದು. ವಿಮಾನದ್ದು ಮೇಲೆತ್ತುತ್ತದೆ, ಇದು ಕಾರನ್ನು ನೆಲಕ್ಕೆ ಒತ್ತುತ್ತದೆ. ಫಾರ್ಮುಲಾ ಒನ್‌ಗೆ ಇವು ಬಂದದ್ದು 1968ರಲ್ಲಿ. ಹಾಗಾಗಿ ಮಾದರಿಯಲ್ಲೂ ರೆಕ್ಕೆಯ ಹೊಟ್ಟೆ ಕೆಳಗೆ ಇರಬೇಕು. ಬಹಳ ಮಂದಿ ಇದನ್ನು ತಿರುವುಮುರುವು ಅಂಟಿಸುತ್ತಾರೆ.

ಚಕ್ರವನ್ನು ಒಡಲಿಗೆ ಹಿಡಿಯುವ ತೆಳ್ಳನೆಯ ತೋಳುಗಳನ್ನು ಬರೀ ಕಾಗದದಿಂದ ಮಾಡಿದರೆ ಕಾರಿನ ಭಾರಕ್ಕೆ ಬಾಗುತ್ತವೆ. ಕಸಬರಿಗೆಯ ಕಡ್ಡಿಯನ್ನು ಒಳಗಿಟ್ಟು ಮೇಲೆ ಕಾಗದ ಸುತ್ತಿ. ನಾಲ್ಕೂ ಚಕ್ರಗಳನ್ನು ಕೊನೆಗೆ, ಒಂದೇ ದಿನ ಅಂಟಿಸಿ. ಕಾರನ್ನು ಗಾಜಿನ ಮೇಲಿಟ್ಟು ಒಡಲಿನ ಕೆಳಗೆ ಸರಿಯಾದ ಎತ್ತರಕ್ಕೆ ರಟ್ಟಿನ ತುಂಡುಗಳನ್ನು ಜೋಡಿಸಿ. ನಾಲ್ಕು ಚಕ್ರವೂ ಗಾಜಿಗೆ ತಾಗಿದ್ದನ್ನು ನೋಡಿ, ಆಮೇಲೆ ಅಂಟು. ಒಣಗುವವರೆಗೆ ಮುಟ್ಟಬೇಡಿ.

ಮಳೆ ಬರುವ ಮೊದಲು

ಕಾಗದ ಗಾಳಿಯ ತೇವವನ್ನು ಹೀರುತ್ತದೆ, ಅದೂ ನಾರಿನ ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು ಹಿಗ್ಗುತ್ತದೆ. ಜುಲೈನಲ್ಲಿ ಧಾರವಾಡದ ಜಿಟಿಜಿಟಿ ಮಳೆ ಹಿಡಿದಾಗ ಬೇಸಿಗೆಯಲ್ಲಿ ಬಿಗಿಯಾಗಿ ಕೂತ ಭಾಗಗಳು ಸಡಿಲವಾಗುತ್ತವೆ. ಇನ್ನೂ ಕತ್ತರಿಸದ ಹಾಳೆಗಳನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ. ಮುಗಿದ ಕಾರಿಗೆ ಬಣ್ಣದ ಅಂಗಡಿಯಲ್ಲಿ ಸಿಗುವ ಪಾರದರ್ಶಕ ವಾರ್ನಿಷ್ ಸ್ಪ್ರೇಯನ್ನು ದೂರದಿಂದ, ತೆಳ್ಳಗೆ, ಎರಡು ಸಲ ಹೊಡೆಯಿರಿ. ಮೊದಲು ಉಳಿದ ಚೂರಿನ ಮೇಲೆ ಹೊಡೆದು ಮಸಿ ಕದಡುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಬಿಸಿಲು ಬೀಳುವ ಕಿಟಕಿಯಲ್ಲಿ ಇಟ್ಟರೆ ಇಂಕ್‌ಜೆಟ್ ಬಣ್ಣ ಮಾಸುತ್ತದೆ.

ಹುಡುಗ ಟೈರಿನ ಹಾಳೆಯನ್ನು ನೂರು ಪರ್ಸೆಂಟಿನಲ್ಲಿ ಮತ್ತೆ ಹಾಕಿಸಿಕೊಂಡು ಬಂದ. ಕಟ್ಟೆಯ ಮೇಲೆ ಕೂತು ಪಟ್ಟಿಯನ್ನು ಪೆನ್ನಿನಿಂದ ಉರುಳಿಸಿದ, ರಟ್ಟಿನ ಸುತ್ತ ಸುತ್ತಿದ. ತುದಿಗೆ ತುದಿ ಕೂಡಿತು. "ಇನ್ನ ಮೂರ್ ಉಳದಾವ್ರಿ ಕಾಕಾ" ಅಂದು ಎರಡನೇ ಪಟ್ಟಿ ಕೈಗೆತ್ತಿಕೊಂಡ.